ಹೊಗೆಗೆ ಬಾಗಿಲು ಹಾಕುವ ತೂತಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಕಟ್ಟಿದ ಕಟ್ಟಡದ ಏಳನೇ ಮಹಡಿಯಲ್ಲಿ ಹೆಂಗಸೊಬ್ಬರು ನೆಲಕ್ಕೆ ಕೆನ್ನೆಯಾನಿಸಿ ಮಲಗಿದ್ದಾರೆ. ಕೈಯಲ್ಲಿ ಟಾರ್ಚು. ಕೆಳಗಿನಿಂದ ವೈರುಗಳು ಹತ್ತಿಬರುವ ತೂತಿನೊಳಗೆ ಇಣುಕಿ, "ಯಾರಪ್ಪಾ ಕೆಳಗಡೆ ಸಿಗರೇಟು ಸೇದ್ತಿರೋದು? ವಾಸನೆ ಇಲ್ಲಿಗೇ ಬಂತು" ಎಂದು ಗದರುತ್ತಾರೆ. "ನಿನ್ನ ಮೂಗಿಗೊಂದು ದೊಡ್ಡ ನಮಸ್ಕಾರ, ತೂತಕ್ಕ!" ಎಂದು ಪ್ಲಂಬರ್ ಕೆಳಗಿನಿಂದಲೇ ನಗುತ್ತಾನೆ.

ಹಾಗೆ ಕರೆದರೆ ಕೋಪ ಬರುವುದಿಲ್ಲವೇ? "ಏನು ಕೋಪ? ಮನೇಲಿಟ್ಟ ಹೆಸರಿಗಿಂತ ಇದೇ ಎಲ್ಲರಿಗೂ ಬೇಗ ಬಾಯಿಗೆ ಬರತ್ತೆ."

ವೈರು, ಪೈಪು ಮಹಡಿಯಿಂದ ಮಹಡಿಗೆ ದಾಟಲು ನೆಲದಲ್ಲಿ ತೂತು ಕೊರೆಯುತ್ತಾರೆ. ಕೊರೆದವರು ತಮ್ಮ ಕೆಲಸ ಮುಗಿಸಿ ಹೋಗುತ್ತಾರೆ. ಉಳಿದ ಸಂದು ಅಕ್ಕನ ಪಾಲು. ಉರಿಯದ ನಾರನ್ನು ಒತ್ತಿ ತುಂಬಿ, ಮೇಲೆ ಕೆಂಪು ಪೇಸ್ಟು ಬಳಿಯುತ್ತಾರೆ. ಬೆಂಕಿ ಬಿದ್ದರೆ ಆ ಪೇಸ್ಟು ಉಬ್ಬಿ ಹೊಗೆಯ ದಾರಿ ಮುಚ್ಚುತ್ತದೆ. ನಾರು ಚುಚ್ಚಿ ಚುಚ್ಚಿ ಮುಂಗೈ ತುಂಬಾ ಕೆಂಪು ಗಂಧೆ. ರಾತ್ರಿಯೆಲ್ಲ ಕೆಮ್ಮು.

ಮೊದಲು ಇವರು ಹೊಲಿಗೆ ಕಾರ್ಖಾನೆಯಲ್ಲಿದ್ದವರು. ತಂಗಿಯದು ಪಕ್ಕದ ಮಷಿನು. ಒಂದು ಮಧ್ಯಾಹ್ನ ನೆಲಮಹಡಿಯ ಗೋದಾಮಿಗೆ ಬೆಂಕಿ ಬಿತ್ತು.

"ನಮ್ಮ ಮಹಡೀಲಿ ಒಂದು ಚೂರು ಬಟ್ಟೆನೂ ಸುಡಲಿಲ್ಲ. ಹೊಗೆ ಬಂತು, ವೈರಿನ ತೂತಿಂದ. ಮೊದಲು ದಾರದ ಹಾಗೆ ಸಣ್ಣಗೆ. ಆಮೇಲೆ ಎದುರಿಗಿದ್ದೋರೇ ಕಾಣಲಿಲ್ಲ. ತಂಗಿ ಕೈ ಹಿಡ್ಕೊಂಡು ಮೆಟ್ಟಿಲಿಳಿದೆ. ಹೊರಗೆ ಬಂದು ನೋಡಿದ್ರೆ..." ಅಕ್ಕ ಒಂದು ಹಿಡಿ ನಾರನ್ನು ತೂತಿಗೆ ಒತ್ತುತ್ತಾರೆ. "ಕೈಲಿದ್ದ ಕೈ ಬೇರೆ ಯಾರದ್ದೋ ಹುಡುಗೀದು."

ಆ ಹುಡುಗಿ ಬದುಕಿದಳು. ಈಗಲೂ ದಾರಿಯಲ್ಲಿ ಎದುರಾದರೆ ಇಬ್ಬರೂ ತಲೆ ತಗ್ಗಿಸಿ ಮುಂದೆ ಹೋಗುತ್ತಾರೆ. ತಂಗಿಯ ಮಗಳು ಅಕ್ಕನ ಹತ್ತಿರವೇ ಬೆಳೆಯುತ್ತಿದ್ದಾಳೆ.

ತೂತು ಮುಚ್ಚುವುದೇ ಒಂದು ಕೆಲಸ ಎಂದು ಇವರಿಗೆ ತಿಳಿದದ್ದು ತಂಗಿಯ ಸಾವಿನ ನಂತರ. ಕೇಳಿಕೊಂಡು ಹೋದಾಗ ಕಂಟ್ರಾಕ್ಟರು, "ವೈರು, ಪೈಪು ಹೋಗೋ ಕತ್ತಲೆ ಡಕ್ಟ್ ಒಳಗೆ ಇಳೀಬೇಕಮ್ಮ, ನಿನ್ನ ಕೈಲಾಗಲ್ಲ" ಎಂದರಂತೆ. "ಇಳೀತೀನಿ ಅಂದೆ. ಅಷ್ಟೇ."

ಕಳೆದ ವರ್ಷ ಇನ್ನೊಂದು ಏಟು ಬಿತ್ತು. ಅಕ್ಕ ತೂತು ಮುಚ್ಚಿದ್ದ ಒಂದು ಕಟ್ಟಡಕ್ಕೆ ಜನ ಬಂದು ನೆಲೆಸಿದ ಮೇಲೆ, ಇಂಟರ್ನೆಟ್ ಕೇಬಲ್ ಎಳೆಯಲು ಬಂದವರು ಪೇಸ್ಟು ಒಡೆದು ಹಾಗೇ ಬಿಟ್ಟುಹೋಗಿದ್ದರು. ಮೀಟರ್ ಕೋಣೆಗೆ ಬೆಂಕಿ ಹತ್ತಿತು. ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜ ಹೊಗೆಯಲ್ಲಿ ಉಸಿರುಕಟ್ಟಿ ಹೋದರು. ಸುದ್ದಿ ಕೇಳಿ ಅಕ್ಕ ಅಲ್ಲಿಗೆ ಓಡಿದರು. ಕಾವಲುಗಾರ ಡಕ್ಟಿನ ಬಾಗಿಲು ತೆಗೆದ.

"ಕೆಂಪು ಪೇಸ್ಟಿನ ನಡುವೆ ಮುಷ್ಟಿಗಾತ್ರದ ತೂತು. ಉಳಿದದ್ದೆಲ್ಲ ಹಾಗೇ ಗಟ್ಟಿಯಾಗಿತ್ತು. ಅಷ್ಟರಲ್ಲಿ ಆ ಅಜ್ಜನ ಸೊಸೆ ಬಂದ್ರು. ಯಾರು ನೀವು ಅಂದ್ರು. ಇದನ್ನ ಮುಚ್ಚಿದ್ದೋಳು ನಾನೇ ಅಂದೆ. ಬಾಯಿಗೆ ಬಂದಂಗೆ ಬೈದ್ರು."

"ತಪ್ಪು ನಂದಲ್ಲ ಅಂತ ನೀವು ಹೇಳಲಿಲ್ವಾ?"

"ಹೆಣ ಎತ್ತಿದ ಮನೇಲಿ ನಿಂತು ನಾನಲ್ಲ, ನಾನಲ್ಲ ಅನ್ನೋದಾ? ಬೈಸ್ಕೊಂಡೆ. ಆಮೇಲೆ ಚೀಲ ತೆಗೆದು ಆ ತೂತು ಮುಚ್ಚಿದೆ. ಮುಗಿಯೋವರೆಗೂ ಅವರು ಅಲ್ಲೇ ನಿಂತಿದ್ರು."

ಅಂದಿನಿಂದ ಭಾನುವಾರಗಳಂದು ತಾವು ತೂತು ಮುಚ್ಚಿದ ಹಳೆಯ ಕಟ್ಟಡಗಳಿಗೆ ಹೋಗಿ ನೋಡಿ ಬರುತ್ತಾರೆ. ಕೆಲವು ಕಡೆ ಒಳಗೆ ಬಿಡುತ್ತಾರೆ. ಕೆಲವು ಕಡೆ ಗೇಟಿನಲ್ಲೇ ಅಟ್ಟುತ್ತಾರೆ. "ದೊಡ್ಡಮ್ಮ, ರಜದಲ್ಲೂ ಊರವರ ಗೋಡೆ ಕಾಯಬೇಕಾ?" ಎಂದು ತಂಗಿಯ ಮಗಳು ಮುನಿಸಿಕೊಳ್ಳುತ್ತಾಳೆ. ಆಮೇಲೆ ಅವಳೇ ಊಟದ ಡಬ್ಬಿ ಕಟ್ಟಿಕೊಡುತ್ತಾಳೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ, ಅಕ್ಕ ಬೆರಳಿಗಂಟಿದ ಪೇಸ್ಟನ್ನು ಸೀರೆಯಂಚಿಗೆ ಒರೆಸುತ್ತಾ ಯೋಚಿಸುತ್ತಾರೆ.

"ನನ್ನ ಕೆಲಸ ಎಷ್ಟು ಗಟ್ಟಿ ಅಂತ ಯಾರಿಗೂ ಗೊತ್ತಾಗೋ ದಿನ ಬರದೇ ಇರಲಿ. ಅಷ್ಟು ಸಾಕು."