ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದ ಬಸ್ಸು

ನಿವೃತ್ತಿಯಾದ ಮೇಲೆ ನಾನು ಬಸ್ಸುಗಳ ಫೋಟೋ ತೆಗೆಯಲು ಶುರುಮಾಡಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹನಗೋಡಿನ ಆಚೆ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಮದುವೆಯಾಗಲಿಲ್ಲ. ಅಮ್ಮ ಹೋದ ಮೇಲೆ ಹುಣಸೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಕೆಲಸ ಬಿಟ್ಟ ಹೊಸತರಲ್ಲಿ ಬೆಳಿಗ್ಗೆ ಎಂಟು ಗಂಟೆಯಾದರೆ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತಿತ್ತು. ಹೋಗುವುದಕ್ಕೆ ಜಾಗವೇ ಇರಲಿಲ್ಲ. ಹೆಂಗಸರಿಗೆ ಈಗ ಸರ್ಕಾರಿ ಬಸ್ಸು ಫ್ರೀ ಆಗಿದೆಯಲ್ಲ, ಆಧಾರ್ ಕಾರ್ಡನ್ನು ಪರ್ಸಿಗೆ ಹಾಕಿಕೊಂಡು ಒಂದು ದಿನ ಪಿರಿಯಾಪಟ್ಟಣಕ್ಕೆ, ಇನ್ನೊಂದು ದಿನ ಕೆ.ಆರ್. ನಗರಕ್ಕೆ ಸುಮ್ಮನೆ ಹೋಗಿ ಬರತೊಡಗಿದೆ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಕಿಟಕಿ ಪಕ್ಕ ಕೂತು ಗದ್ದೆ ನೋಡುವುದು ವಾಸಿ ಅನ್ನಿಸಿತು.

ಮೊದಲ ಫೋಟೋ ತೆಗೆದದ್ದು ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ. ಮೂಲೆಯಲ್ಲಿ ಹಳೆಯ ಕೆಂಪು ಬಸ್ಸೊಂದು ನಿಂತಿತ್ತು. ಬಣ್ಣ ಬಿಸಿಲಿಗೆ ಬೆಳ್ಳಗಾಗಿತ್ತು, ಒಂದು ಕಿಟಕಿಗೆ ಗಾಜಿನ ಬದಲು ತಗಡು ಹೊಡೆದಿದ್ದರು. ಮೊಬೈಲ್ ಎತ್ತಿ ಒಂದು ಫೋಟೋ ತೆಗೆದೆ. ಕಂಟ್ರೋಲರ್ ತಮ್ಮ ಕೋಣೆಯಿಂದ ಎದ್ದು ಬಂದರು.

"ಯಾಕಮ್ಮ, ಏನಾರ ಕಂಪ್ಲೇಂಟಾ?"

"ಇಲ್ಲ ಸರ್, ಸುಮ್ಮನೆ. ಚೆನ್ನಾಗಿದೆ ಅಂತ ತೆಗೆದೆ."

ಅವರು ಒಮ್ಮೆ ಬಸ್ಸನ್ನೂ ಒಮ್ಮೆ ನನ್ನನ್ನೂ ನೋಡಿದರು. "ಇದಾ? ಇದು ಇನ್ನೇನು ಗುಜರಿಗೋಯ್ತದೆ ಕಣಮ್ಮ. ಒಸಾದು ಅಲ್ ನಿಂತದೆ ನೋಡಿ, ಅದುನ್ ತಗೊಳಿ."

ಗುಜರಿಗೆ ಹೋಗುವ ಬಸ್ಸೇ ನನಗೆ ಬೇಕಾಗಿತ್ತು. ಹಾಗೆಂದು ಹೇಳಲು ನಾಚಿಕೆಯಾಗಿ, ಹೊಸ ಬಸ್ಸಿನದ್ದೂ ಒಂದು ತೆಗೆದೆ. ಅವರು ಸಮಾಧಾನದಿಂದ ಒಳಗೆ ಹೋದರು.

ಇಂಥ ಹುಚ್ಚಿನವರು ಬೇರೆಯೂ ಇದ್ದಾರೆ ಎಂದು ಆಮೇಲೆ ತಿಳಿಯಿತು. ಹಳೆಯ ಬಸ್ಸುಗಳ ಚಿತ್ರ ಹಾಕುವ ಒಂದು ವಾಟ್ಸಾಪ್ ಗುಂಪಿಗೆ ಸೇರಿಕೊಂಡೆ. ಅಲ್ಲಿರುವವರೆಲ್ಲ ಗಂಡಸರು, ಹೆಚ್ಚಿನವರು ನನ್ನ ವಯಸ್ಸಿನ ಅರ್ಧದವರು. ನಾನು ನನ್ನ ಫೋಟೋ ಹಾಕಿಲ್ಲವಾದ್ದರಿಂದ ನನ್ನನ್ನೂ ಸರ್ ಎಂದೇ ಕರೆಯುತ್ತಾರೆ. ತಿದ್ದಲು ಹೋಗಲಿಲ್ಲ. ಮಾತಿಗೆ ಜನ ಸಿಕ್ಕಿದ್ದೇ ಸಾಕಾಗಿತ್ತು.

ಆದರೆ ನನಗೆ ನಿಜವಾಗಿ ಬೇಕಾಗಿದ್ದ ಒಂದು ಬಸ್ಸಿನ ಫೋಟೋ ಯಾರ ಬಳಿಯೂ ಇರಲಿಲ್ಲ. ಅದು ಹುಣಸೂರಿನಿಂದ ಹನಗೋಡಿನ ಮೇಲೆ ವೀರನಹೊಸಹಳ್ಳಿಯ ಕಡೆಗೆ ಹೋಗುತ್ತಿದ್ದ ಪ್ರೈವೇಟ್ ಬಸ್ಸು. ಮೇಲೆ ಕೆನೆಬಣ್ಣ, ಕೆಳಗೆ ನೀಲಿ. ಸ್ಟ್ಯಾಂಡಿನಿಂದ ಎಂಟು ಗಂಟೆಗೆ ಹೊರಡುತ್ತಿತ್ತು. ಹದಿನೆಂಟು ವರ್ಷ ನಾನು ಅದರಲ್ಲೇ ಶಾಲೆಗೆ ಹೋದೆ.

ಆಗ ಅಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಬೆಳಿಗ್ಗೆ ಅವಳಿಗೆ ಮೈ ಒರೆಸಿ, ಸೀರೆ ಬದಲಿಸಿ, ಗಂಜಿ ಕುಡಿಸಿ, ಮಧ್ಯಾಹ್ನ ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ ಹೊರಡುವಷ್ಟರಲ್ಲಿ ಎಂಟು ದಾಟಿರುತ್ತಿತ್ತು. ಸ್ಟ್ಯಾಂಡಿಗೆ ಹೋಗಿ ಬಸ್ಸು ಹಿಡಿಯುವುದು ಆಗದ ಮಾತು. ನಮ್ಮ ಬೀದಿ ಹನಗೋಡು ರಸ್ತೆಗೆ ಸೇರುವ ಕಡೆ ಒಂದು ಹೊಂಗೆ ಮರ ಇತ್ತು. ಅದು ಸ್ಟಾಪಲ್ಲ. ಆದರೂ ಬಸ್ಸು ದಿನವೂ ಅಲ್ಲಿ ನಿಂತಿರುತ್ತಿತ್ತು, ಇಂಜಿನ್ ಗುಡುಗುಡು ಅನ್ನುತ್ತ. ನಾನು ನೆರಿಗೆ ಎತ್ತಿ ಹಿಡಿದು ಓಡಿಬಂದು ಮುಂದಿನ ಬಾಗಿಲಿನಿಂದ ಹತ್ತುತ್ತಿದ್ದೆ. ಹತ್ತಿದ ಕೂಡಲೇ ಬಸ್ಸು ಹೊರಡುತ್ತಿತ್ತು. ಡ್ರೈವರು ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ. ಒಂದು ದಿನವೂ "ಬೇಗ ಬನ್ನಿ" ಎನ್ನಲಿಲ್ಲ, ಮುಖ ಸಿಂಡರಿಸಲಿಲ್ಲ.

ಅಮ್ಮನ ವಿಷಯ ಅವರಿಗೆ ಯಾರೋ ಹೇಳಿರಬೇಕು ಎಂದುಕೊಂಡೆ. ಅಮ್ಮ ಮೂರು ಗುಟುಕು ಗಂಜಿ ಕುಡಿದು ಬಾಯಿ ಮುಚ್ಚಿಕೊಂಡ ದಿನ ಗಡಿಯಾರ ನೋಡಿ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಕಾಯುವವರೊಬ್ಬರಿದ್ದಾರೆ ಅನ್ನುವ ಧೈರ್ಯ. ಅಮ್ಮ ತೀರಿಕೊಂಡ ಮೂರನೆಯ ದಿನ, ರಜೆಯಲ್ಲಿ ಮನೆಯೊಳಗೇ ಕೂತಿದ್ದಾಗ, ಅದೇ ಇಂಜಿನ್ನಿನ ಸದ್ದು ಕೇಳಿಸಿತು. ಎರಡು ನಿಮಿಷ ನಿಂತು ಬಸ್ಸು ಹೊರಟುಹೋಯಿತು. ಅಮ್ಮ ಹೋದಾಗ ಬಾರದಿದ್ದ ಅಳು ಆಗ ಬಂತು. ಇಷ್ಟಾದರೂ ಅವರಿಗೆ ಒಂದು ಥ್ಯಾಂಕ್ಸ್ ಹೇಳಲಿಲ್ಲ. ನಾಳೆ ಹೇಳೋಣ ಎನ್ನುತ್ತಲೇ ವರ್ಷಗಳು ಕಳೆದವು. ಒಂದು ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಮಾಲೀಕರು ಬಸ್ಸು ಮಾರಿಬಿಟ್ಟಿದ್ದರು.

ಹೋದ ವರ್ಷ ಗುಂಪಿನಲ್ಲಿ ಯಾರೋ ಒಂದು ಫೋಟೋ ಹಾಕಿದರು. ರಾವಂದೂರಿನ ಹತ್ತಿರ ಹೊಲದಲ್ಲಿ ಬಿದ್ದಿರುವ ಬಸ್ಸಿನ ಬಾಡಿ. ಚಕ್ರ ಇಲ್ಲ, ಗಾಜು ಇಲ್ಲ. ಬಣ್ಣ ಯಾವುದೆಂದು ಹೇಳಲೂ ಬರುವಂತಿರಲಿಲ್ಲ. ಒಳಗಿನ ತಗಡಿನ ಮೇಲೆ ಮಾತ್ರ ಅಕ್ಷರ ಉಳಿದಿತ್ತು: "ಕೈ ತಲೆ ಹೋರಗೆ ಹಾಕಬೇಡಿ." ಆ 'ಹೋರಗೆ'ಯನ್ನು ನಾನು ಹದಿನೆಂಟು ವರ್ಷ ದಿನವೂ ಓದಿದ್ದೆ. ಸೀಮೆಸುಣ್ಣ ತಂದು ತಿದ್ದಿಬಿಡೋಣ ಎಂದು ಎಷ್ಟು ಸಲ ಕೈ ತುರಿಸಿತ್ತೋ.

ಮಾರನೆಯ ದಿನವೇ ಹೋದೆ. ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಿಸಿ ರಾವಂದೂರಿನಲ್ಲಿ ಇಳಿದು, ಕೇಳುತ್ತ ಕೇಳುತ್ತ ನಡೆದೆ. ತಂಬಾಕು ಬೇಯಿಸುವ ಬ್ಯಾರನ್ನಿನ ಪಕ್ಕ ಅದು ಕೂತಿತ್ತು. ಸೌದೆ ನೆನೆಯದಿರಲಿ ಎಂದು ಒಳಗೆ ತುಂಬಿದ್ದರು. ಹೊಲದ ಹೆಂಗಸು ಎಲೆ ಪೋಣಿಸುತ್ತಿದ್ದವಳು ಎದ್ದು ಬಂದಳು. ನಾನು ಬಸ್ಸಿನ ಮೈ ಮುಟ್ಟಿ ನೋಡುತ್ತಿದ್ದುದನ್ನು ಕಂಡು ಅವಳೇನೂ ಆಶ್ಚರ್ಯಪಡಲಿಲ್ಲ.

"ನಿಮ್ಮಂಗೇ ಒಬ್ರು ಬಂದಿದ್ರು ಕಣಕ್ಕ. ಇದುನ್ನ ಓಡುಸ್ತಿದ್ದ ಡ್ರೈವರಂತೆ. ವಯಸ್ಸಾಗದೆ. ಒಂದ್ ಗಂಟೆ ಅಂಗೇ ನೋಡ್ಕಂಡ್ ಕೂತಿದ್ರು."

"ಅವರು ಎಲ್ಲಿದ್ದಾರೆ?"

"ಎಚ್.ಡಿ. ಕೋಟೇಲಿ, ಮಗಳ ಮನೇಲವ್ರೆ. ಬಸ್ ಸ್ಟ್ಯಾಂಡ್ ಇಂದ್ಗಡೆ ಬೀದಿ ಅಂದ್ರು."

ಹತ್ತಿಪ್ಪತ್ತು ಫೋಟೋ ತೆಗೆದೆ. ಒಂದನ್ನು ಹುಣಸೂರಿನ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಒಳ್ಳೆಯ ಸೀರೆ ಉಟ್ಟು, ಬಾಳೆಹಣ್ಣು ಹಿಡಿದು ಕೋಟೆಯ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ. ಪರೀಕ್ಷೆಗೆ ಹೋಗುವ ಮಕ್ಕಳ ಹಾಗೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತೆಳ್ಳಗಾಗಿದ್ದರು, ಕನ್ನಡಕ ಬಂದಿತ್ತು. ಹಿಂದಿನಿಂದ ಕಂಡಿದ್ದರೆ ಆ ಕುತ್ತಿಗೆಯನ್ನು ಎಲ್ಲಿಯಾದರೂ ಗುರುತಿಸುತ್ತಿದ್ದೆ. ಮುಖವನ್ನು ನಾನು ಸರಿಯಾಗಿ ನೋಡಿದ್ದೇ ಆವತ್ತು.

ಫೋಟೋ ಕೊಟ್ಟೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ಹೇಳಿದೆ: "ನಾನು ಮಿಸ್ಸು. ನಿಮ್ಮ ಬಸ್ಸಲ್ಲೇ ಶಾಲೆಗೆ ಹೋಗ್ತಿದ್ದೆ. ಹೊಂಗೆ ಮರದ ಹತ್ತಿರ ಹತ್ತುತ್ತಿದ್ನಲ್ಲ, ನೆನಪಿದೆಯಾ?"

"ಯಾವ್ ಮರ?"

"ಹುಣಸೂರಿಂದ ಹೊರಡುವಾಗ. ನೀವು ದಿನಾ ನನಗೋಸ್ಕರ ನಿಲ್ಲಿಸ್ಕೊಂಡಿರ್ತಿದ್ರಿ."

ಅವರು ಸ್ವಲ್ಪ ಯೋಚಿಸಿದರು. "ಓ, ಬೇಕರಿ ಓಣಿ ತಾವ. ಅಲ್ಲಿ ಬನ್ನು ಬ್ರೆಡ್ಡಿನ ಟ್ರೇ ಏರುಸ್ತಿದ್ರು ಕಣಮ್ಮ, ಇಂದ್ಗಡೆ ಬಾಗ್ಲಲ್ಲಿ. ಅನಗೋಡಿನ್ ಅಂಗ್ಡಿಗೋಳ್ಗೆ. ಆ ಬೇಕರಿಯೋನು ಒಂದಿನಾನೂ ಟೈಮಿಗೆ ತತ್ತಿರ್ಲಿಲ್ಲ. ಅವುನ್ನ ಬಯ್ಕಂಡೇ ಕಾಯ್ತಿದ್ದೆ." ಮತ್ತೆ ನನ್ನ ಮುಖ ನೋಡಿದರು. "ನೀವು… ಗ್ಯಾನಕ್ಕೆ ಬರ್ತಾ ಇಲ್ಲ. ಮಿಸ್ಸುಗೋಳು ಬಾಳ ಜನ ಬರೋರು. ಬೇಜಾರ್ ಮಾಡ್ಕಬ್ಯಾಡಿ."

"ಛೆ, ಬೇಜಾರೇನಿಲ್ಲ" ಎಂದೆ.

ಹೌದು, ಬಸ್ಸಿನೊಳಗೆ ಬನ್ನಿನ ವಾಸನೆ ಇರುತ್ತಿತ್ತು. ನಾನು ಓಡಿಬರುವಷ್ಟರಲ್ಲಿ ಟ್ರೇ ಏರಿಸಿ ಆಗಿರುತ್ತಿತ್ತೇನೋ. ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಿರಲಿಲ್ಲ. ಮಗಳು ಕಾಫಿ ಕೊಟ್ಟಳು. ಕುಡಿದು, ಮಳೆ ಬೆಳೆ ವಿಚಾರಿಸಿ ಎದ್ದು ಬಂದೆ. ಹೇಳಿಕೊಂಡು ಹೋಗಿದ್ದ ಮಾತು ಹಾಗೆಯೇ ಉಳಿಯಿತು.

ಅದಾದ ಮೇಲೆ ಒಂದು ತಿಂಗಳು ಯಾವ ಬಸ್ ಸ್ಟ್ಯಾಂಡಿಗೂ ಹೋಗಲಿಲ್ಲ. ವಾಟ್ಸಾಪ್ ಗುಂಪಿನ ಸದ್ದು ನಿಲ್ಲಿಸಿಟ್ಟೆ. ಡ್ರೈವರದ್ದೇನೂ ತಪ್ಪಿರಲಿಲ್ಲ, ಅದು ಗೊತ್ತಿತ್ತು. ಆದರೂ ಬೆಳಿಗ್ಗೆ ಎದ್ದು ಒಬ್ಬಳಿಗೇ ಕಾಫಿ ಮಾಡಿಕೊಳ್ಳುವಾಗ, ಹದಿನೆಂಟು ವರ್ಷ ನನಗಾಗಿ ಯಾರೂ ಕಾದಿರಲಿಲ್ಲ ಎನ್ನುವುದು ನೆನಪಾಗುತ್ತಿತ್ತು. ಕಳೆದುಹೋದ ದಿನಗಳಿಂದಲೂ ಏನನ್ನೋ ಕಿತ್ತುಕೊಂಡ ಹಾಗೆ. ಅಮ್ಮ ಇದ್ದಿದ್ದರೆ ಹೇಳಿಕೊಳ್ಳಬಹುದಿತ್ತು. ಅವಳು ಮಾತಾಡುತ್ತಿರಲಿಲ್ಲ, ಆದರೆ ಕೇಳಿಸಿಕೊಳ್ಳುತ್ತಿದ್ದಳು.

ಒಂದು ದಿನ ಅವರ ಮಗಳ ಫೋನ್ ಬಂತು. ಹೊರಡುವಾಗ ನಂಬರು ಕೊಟ್ಟು ಬಂದಿದ್ದೆ. "ಅಪ್ಪ ಮಾತಾಡ್ಬೇಕಂತೆ" ಎಂದು ಅವರ ಕೈಗೆ ಕೊಟ್ಟಳು.

"ಆ ಬಸ್ಸುನ್ನ ಇನ್ನೊಂದ್ಸಾರಿ ನೋಡ್ಬೇಕಾಗದೆ ಕಣಮ್ಮ" ಎಂದರು. "ಒಬ್ಬುನ್ನೇ ಕಳ್ಸಾಕಿಲ್ಲ ಅಂತಾಳೆ ಮಗ್ಳು. ನೀವೂ ಬಂದ್ರೆ ಓಗ್ಬೋದು."

ಕೋಟೆಗೆ ಹೋಗಿ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಅವರು ಡ್ರೈವರಿನ ಹಿಂದಿನ ಸೀಟೇ ಬೇಕೆಂದು ಕೂತರು. ದಾರಿಯಲ್ಲೆಲ್ಲ ಅವರ ಬಲಗಾಲು ಆಗಾಗ ನೆಲ ಒತ್ತುತ್ತಿತ್ತು. ಹುಣಸೂರಿನಲ್ಲಿ, ಪಿರಿಯಾಪಟ್ಟಣದಲ್ಲಿ ಕೈ ಹಿಡಿದು ಇಳಿಸಿ ಹತ್ತಿಸಿದೆ. ರಾವಂದೂರಿನಿಂದ ಆಟೋ ಮಾಡಿದೆ.

ಹೊಲದ ಹೆಂಗಸು ಸೌದೆ ಸರಿಸಿ, ಮುಂದುಗಡೆ ಒಂದು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಟ್ಟಳು. ಸ್ಟೇರಿಂಗ್ ಇರಲಿಲ್ಲ. ಅವರು ಕೂತು ಎದುರಿನ ತಂಬಾಕಿನ ಹೊಲ ನೋಡಿದರು. ಎಡಗೈ ತಾನಾಗಿ ಗೇರಿದ್ದ ಜಾಗಕ್ಕೆ ಹೋಯಿತು. ಎರಡನೇ ಗೇರು ಹೇಗೆ ಕಚ್ಚಿಕೊಳ್ಳುತ್ತಿತ್ತು, ಕಾಡಂಚಿನ ರಸ್ತೆಯಲ್ಲಿ ಆನೆ ಅಡ್ಡ ನಿಂತಾಗ ಒಂದು ಗಂಟೆ ಹೇಗೆ ಉಸಿರು ಬಿಗಿಹಿಡಿದು ಕೂತಿದ್ದರು, ಕಾಡಿನ ಬುಡಕಟ್ಟಿನ ಹಾಡಿಯ ಹೆಂಗಸೊಬ್ಬಳಿಗೆ ಇದೇ ಬಸ್ಸಿನಲ್ಲಿ ಹೆರಿಗೆಯಾಗಿದ್ದು, ಎಲ್ಲ ಹೇಳಿದರು. ಎಲ್ಲ ನೆನಪಿತ್ತು ಅವರಿಗೆ.

ಆಗ ನಾನು ಹೇಳಿದೆ. ಅಮ್ಮನ ಕಾಯಿಲೆ, ಗಂಜಿ, ಓಟ, ಮೂರನೆಯ ದಿನ ಕೇಳಿಸಿದ ಇಂಜಿನ್ನಿನ ಸದ್ದು. ಅವರು ತಿರುಗಿ ನೋಡದೆ ಕೇಳಿಸಿಕೊಂಡರು.

"ನಂಗೆ ಗೊತ್ತಿರ್ಲಿಲ್ಲ ಕಣಮ್ಮ" ಎಂದರು. "ಗೊತ್ತಿದ್ರೆ ಬೇಕರಿಯೋನ್ ಬಂದ್ಮ್ಯಾಲೂ ಒಂದೆಲ್ಡು ನಿಮಿಷ ನಿಲ್ಲುಸ್ತಿದ್ದೆ" ಎಂದರು.

ಫೋಟೋ ತೆಗೆದೆ. ಅದರಲ್ಲಿ ಅವರು ಮುಂದೆ ನೋಡುತ್ತಿದ್ದಾರೆ, ಕುತ್ತಿಗೆ ಸ್ವಲ್ಪ ಬಾಗಿದೆ. ಹಿಂದೆ ಸೌದೆಯ ರಾಶಿ.

ಸಂಜೆಯ ಹೊತ್ತಿಗೆ ಅವರನ್ನು ಮನೆ ಮುಟ್ಟಿಸಿದೆ. ದಣಿದಿದ್ದರು. "ಊಟ ಮಾಡ್ಕಂಡೋಗಿ" ಎಂದಳು ಮಗಳು. ನಾನು ಒಲ್ಲೆನೆಂದೆ. ಹೊರಡುತ್ತೇನೆ ಎಂದಾಗ ಅವರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಎಬ್ಬಿಸಬೇಡ ಎಂದು ಮಗಳಿಗೆ ಸನ್ನೆ ಮಾಡಿ ಇಳಿದೆ. ಅವರಿಗೆ ನನ್ನ ನೆನಪು ಕೊನೆಗೂ ಬರಲಿಲ್ಲ. ಬರದಿದ್ದರೂ ಪರವಾಗಿಲ್ಲ ಎನ್ನುವಷ್ಟು ಆವತ್ತು ಮನಸ್ಸು ತಿಳಿಯಾಗಿತ್ತು. ಪೂರ್ತಿ ಅಲ್ಲ.

ಕೋಟೆಯ ಸ್ಟ್ಯಾಂಡಿನಲ್ಲಿ ಹುಣಸೂರಿನ ಬಸ್ಸು ಬರುವುದು ತಡವಾಯಿತು. ಫೋಟೋ ತೆಗೆಯಬಹುದಾದ ಒಂದೆರಡು ಹಳೆಯ ಗಾಡಿಗಳಿದ್ದವು, ತೆಗೆಯಲಿಲ್ಲ. ಬಸ್ಸು ಬಂದಾಗ ಸೀಟು ಸುಲಭವಾಗಿಯೇ ಸಿಕ್ಕಿತು. ಕಂಡಕ್ಟರ್ ಹುಡುಗಿ ಮಷೀನು ಹಿಡಿದು ಬಂದಳು.

"ಎಲ್ಲಿಗಮ್ಮ?"

"ಹುಣಸೂರು."

"ಎಷ್ಟ್ ಜನ?"

"ಒಬ್ಬಳೇ" ಎಂದೆ. ಅವಳು ಟಿಕೆಟ್ ಹರಿದು ಕೈಗಿಟ್ಟು ಮುಂದಿನ ಸೀಟಿಗೆ ಹೋದಳು.