ಸ್ಟೇರಿಂಗ್ ಆಯಿಲ್ ಬದಲಿಸುವ ಹೊತ್ತು

ಇವತ್ತು ಮುಂಜಾನೆ ನಿಪ್ಪಾಣಿಯ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ನನ್ನ ಹಳೆಯ ಕಾರಿನ ಬಾನೆಟ್ ತೆರೆದಿತ್ತು. ಪವರ್ ಸ್ಟೇರಿಂಗಿನ ಆಯಿಲನ್ನು ಮಿಸ್ತ್ರಿ ಒಂದು ಡಬ್ಬಿಗೆ ಇಳಿಸುತ್ತಿದ್ದ. ಹೊತ್ತಿದ ಒಗ್ಗರಣೆಯಲ್ಲಿ ರಬ್ಬರು ಬಿದ್ದಂಥ ವಾಸನೆ ಅದರದು. ಹಳೆಯ ದಿನಗಳು ನೆನಪಾಗುವುದು ಮಲ್ಲಿಗೆಯಿಂದ, ಮೊದಲ ಮಳೆಯ ಮಣ್ಣಿನಿಂದ ಎಂದು ಬರೆಯುವವರೆಲ್ಲ ಬರೆದಿದ್ದಾರೆ. ಇರಬಹುದು. ನನಗೆ ಮಾತ್ರ ನೆನಪು ಬರುವುದು ಈ ಆಯಿಲಿನ ವಾಸನೆಗೆ. ಬಂದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಿಮಗೆ ಕಾರಿನ ಗೊಡವೆ ಇಲ್ಲದಿದ್ದರೆ ಇಷ್ಟು ತಿಳಿದರೆ ಸಾಕು. ಈ ಆಯಿಲ್ ಹೊಸದಿದ್ದಾಗ ದಾಸವಾಳದ ಷರಬತ್ತಿನ ಹಾಗೆ ಕೆಂಪಗಿರುತ್ತದೆ, ಚಕ್ರ ಬೆರಳಿಗೆ ತಿರುಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕಪ್ಪಾಗುತ್ತದೆ, ತಿರುವಿದಾಗ ಕಾರು ನರಳುತ್ತದೆ, ಸ್ಟೇರಿಂಗ್ ಜಡವಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ತೆಗೆದು ಹೊಸದು ಹಾಕಿಸಬೇಕು. ಖರ್ಚು ಅಂಥ ದೊಡ್ಡದೇನಲ್ಲ, ಬೀಗರು ಬಂದರೆ ಒಂದು ಹೊತ್ತಿನ ಊಟಕ್ಕೆ ಆಗುವಷ್ಟು. ಎರಡು ಸಲ ಚಹಾ ಕುಡಿಯುವುದರೊಳಗೆ ಕೆಲಸ ಮುಗಿಯುತ್ತದೆ. ಇಷ್ಟು ಸಣ್ಣ ಸಂಗತಿಗೆ ಒಬ್ಬಳು ಇಷ್ಟು ವರ್ಷ ಯಾಕೆ ಉರಿಯಬೇಕು ಎಂದು ನೀವು ಕೇಳಬಹುದು.

ನಾನು ಮದುವೆಯಾಗಿ ಬಂದದ್ದು ಅಂಕಲಿಗೆ, ಕಬ್ಬಿನ ಹೊಲದ ಕೂಡು ಮನೆಗೆ. ಅತ್ತೆ, ಭಾವ ಅಂದರೆ ಗಂಡನ ಅಣ್ಣ, ಮತ್ತು ನಾವಿಬ್ಬರು. ಮನೆಯ ಎಲ್ಲ ಮಾತೂ ಭಾವನದೇ. ನಮ್ಮ ಇವರು ಹೂಂಗುಟ್ಟುವುದರಲ್ಲಿ ಹೆಸರಾದವರು. ಎರಡು ಸಾವಿರದ ನಂತರದ ಆ ವರ್ಷಗಳಲ್ಲಿ ಒಮ್ಮೆ ಕಬ್ಬಿನ ಬಿಲ್ಲು ಚೆನ್ನಾಗಿ ಬಂತು, ಭಾವ ಕಾರು ತಂದರು. ಓಣಿಯಲ್ಲಿ ಪವರ್ ಸ್ಟೇರಿಂಗ್ ಇದ್ದದ್ದು ಅದೊಂದಕ್ಕೇ. ಬಂದವರನ್ನೆಲ್ಲ ಕೂರಿಸಿ, ಒಂದೇ ಬೆರಳಲ್ಲಿ ಚಕ್ರ ತಿರುಗಿಸಿ ತೋರಿಸುತ್ತಿದ್ದರು.

ನನಗೆ ಯಡೂರಿನ ಕಡೆಯ ಶಾಲೆಯಲ್ಲಿ ಟೀಚರ್ ನೌಕರಿ. ಬಸ್ಸು ತನಗೆ ಬೇಕಾದಾಗ ಬರುತ್ತಿತ್ತು. ಕಾರು ಕಲಿಯುತ್ತೇನೆ ಎಂದಾಗ ಭಾವ ನಕ್ಕರೇ ಹೊರತು ಬೇಡವೆನ್ನಲಿಲ್ಲ. ಕಟಾವಾದ ಕಬ್ಬಿನ ಹೊಲದಲ್ಲಿ ಕಲಿತೆ. ಮೊದಲ ದಿನವೇ ಪಕ್ಕದವರು ಜೋಳದ ದಂಟು ಒಟ್ಟಿದ್ದ ಕಣಿಕೆ ಬಣವಿಗೆ ನುಗ್ಗಿಸಿ, ಹಿಂದಕ್ಕೆ ತರಲು ಬಾರದೆ ಅಲ್ಲೇ ಇಳಿದು ಮನೆಗೆ ನಡೆದುಕೊಂಡು ಬಂದೆ. ಆದರೂ ಕಲಿತೆ. "ನಮ್ಮ ಮನಿ ಸೊಸಿ ಗಾಡಿ ಹೊಡಿತಾಳ" ಎಂದು ಭಾವನೇ ಮಂದಿಗೆ ಹೇಳಿಕೊಂಡು ತಿರುಗಿದರು. ದಿನಾ ಮುಂಜಾನೆ ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿ, ಕೃಷ್ಣೆಯ ಗಾಳಿಗೆ ಕಿಟಕಿ ತೆರೆದು ಹೋಗುತ್ತಿದ್ದೆನಲ್ಲ, ಆ ಅರ್ಧ ತಾಸು ನಾನು ಯಾರ ಸೊಸೆಯೂ ಆಗಿರಲಿಲ್ಲ. ಹುಟ್ಟಿದಾಗಿನಿಂದ ನನಗೆ ನನ್ನದೇ ಎಂದು ಸಿಕ್ಕ ಹೊತ್ತು ಅದೊಂದೇ.

ಮೂರು ನಾಲ್ಕು ವರ್ಷ ಕಳೆಯಿತು. ಚಕ್ರ ಬಿಗಿಯಾಗತೊಡಗಿತು. ತಿರುವಿನಲ್ಲಿ ಕಾರು ಗೊಂಯ್ ಅನ್ನುತ್ತಿತ್ತು. ಹೇಳಿದೆ. ಅತ್ತೆ, "ಹೆಂಗಸು ಗಾಡಿ ಹೊಡದ್ರ ಊರ ಮಂದಿ ಕಣ್ಣು ಬೀಳೂದ ಬಿಡ. ಗಾಡಿಗಿ ನೆದರ ಆಗೇತಿ" ಅಂದರು. ಸರಿ, ಎಲ್ಲರೂ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೊರಟೆವು. ಭಾವ ಚಕ್ರದ ತುಂಬ ಭಂಡಾರ ಬಳಿದರು, ಅದೇ ಮಲ್ಲಯ್ಯನ ಅರಿಶಿನ ಪುಡಿ. ವಾರಗಟ್ಟಲೆ ನನ್ನ ಕೈ, ಸೀರೆ, ಹಾಜರಿ ಪುಸ್ತಕ ಎಲ್ಲ ಹಳದಿ. ಶಾಲೆಯ ಹುಡುಗರಿಗೆ ನಾನು ಬಾಯಾರು, "ಬಾಯಾರು ಜಾತ್ರಿಗಿ ಹೋಗಿ ಬಂದಾರ" ಎಂದು ನಗುತ್ತಿದ್ದರು. ಮಲ್ಲಯ್ಯನ ಮೇಲೆ ನನ್ನ ದೂರಿಲ್ಲ, ಆಯಿಲ್ ಬದಲಿಸುವುದು ಅವನ ಕೆಲಸವಲ್ಲ. ಹೋಗಿಬಂದ ಡೀಸೆಲ್ಲು, ಕಾಯಿ, ನೈವೇದ್ಯದ ಖರ್ಚಿನಲ್ಲಿ ಅದನ್ನು ಬದಲಿಸಿ ಇನ್ನೂ ಚಿಲ್ಲರೆ ಉಳಿಯುತ್ತಿತ್ತು ಅನ್ನುವುದು ಮಾತ್ರ ನನಗೆ ಆಮೇಲೆ ತಿಳಿಯಿತು.

ಒಂದು ದಿನ ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರು ಬಂತು, ಹಿಂದೆ ಎರಡು ಟ್ರೇಲರ್ ಕಬ್ಬು. ಎರಡೂ ಕೈಯಿಂದ ಎಳೆದರೂ ಚಕ್ರ ಬೇಕಾದಷ್ಟು ತಿರುಗಲಿಲ್ಲ. ಕಾರು ಗಟಾರಕ್ಕೆ ಇಳಿಯಿತು. ನನಗೆ ಏನೂ ಆಗಲಿಲ್ಲ, ಮಡಗಾರ್ಡ್ ನುಗ್ಗಾಯಿತು. ಭಾವ ಮತ್ತು ಇವರು ಅದನ್ನು ನಿಪ್ಪಾಣಿಗೆ ಒಯ್ದು ಸರಿಮಾಡಿಸಿಕೊಂಡು ಸಂಜೆ ಬಂದರು. ಊಟಕ್ಕೆ ಕೂತಾಗ ಭಾವ ಅಂದರು: "ಗಾಡಿದೇನೂ ತಪ್ಪಿಲ್ಲ. ಹೊಡಿಯವರ ಕೈಯಾಗ ಕಸುವು ಇರಬೇಕ."

ನಾನು ಇವರ ಮುಖ ನೋಡಿದೆ. ಇವರು ರೊಟ್ಟಿ ಮುರಿಯುತ್ತಾ, "ಹೌದ, ಇದು ನಿನ್ನ ಕೈಲೇ ಆಗೂ ಕೆಲಸ ಅಲ್ಲ ಬಿಡ. ಬಸ್ಸಿಗೇ ಹೋಗ" ಅಂದರು.

ಮಾರನೆಯ ದಿನದಿಂದ ಕೀಲಿ ಭಾವನ ಕಿಸೆ ಸೇರಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನಾನು ನಂಬಿದೆ. ದಿನಾ ಬುಟ್ಟಿ ತುಂಬ ರೊಟ್ಟಿ ಬಡಿಯುವ, ಬಾವಿಯಿಂದ ತುಂಬಿದ ಕೊಡ ಸೇದುವ ಈ ಕೈಗಳಲ್ಲಿ ಕಸುವಿಲ್ಲ ಎಂಬುದನ್ನು ನಾನೇ ನಂಬಿದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಯಾರಾದರೂ ಕೇಳಿದರೆ, "ನಂಗ ಆಗೂದಿಲ್ರಿ" ಎಂದು ನಗುತ್ತಿದ್ದೆ. ವರ್ಷಗಳು ಹಾಗೇ ಹೋದವು.

ನಮ್ಮ ಕಡೆ ಎತ್ತು ಮಾರುವ ರೀತಿ ನೀವು ನೋಡಿರಬಹುದು. ಮನೆಯಲ್ಲಿ ದುಡಿಯುವಷ್ಟು ದಿನ ಅದರ ಕೊಂಬು ಯಾರಿಗೂ ಬೇಕಿರುವುದಿಲ್ಲ. ಸಂತೆಗೆ ಹೊಡೆಯುವ ಮುಂಚೆ ಮೈ ತೊಳೆದು, ಕೊಂಬು ಹೆರೆದು, ಎಣ್ಣೆ ಹಚ್ಚುತ್ತಾರೆ. ಭಾವ ಕಾರು ಮಾರಲು ನಿಶ್ಚಯಿಸಿದಾಗಲೂ ಹಾಗೇ ಆಯಿತು. ರಾಯಬಾಗದ ಒಬ್ಬ ವ್ಯಾಪಾರಿ ತಮ್ಮ ಕಾಲೇಜು ಓದುವ ಮಗಳನ್ನು ಕರೆದುಕೊಂಡು ನೋಡಲು ಬಂದರು. ತೊಳೆದು ಸಜ್ಜು ಮಾಡಿದ ಕಾರನ್ನು ಇದೇ ಮಿಸ್ತ್ರಿ ಅಂದೇ ನಿಪ್ಪಾಣಿಯಿಂದ ತಂದು ನಿಲ್ಲಿಸಿದ್ದ. ನಾನು ಚಹಾದ ತಾಟು ಹಿಡಿದು ಕಟ್ಟೆಯ ಮೇಲೆ ನಿಂತಿದ್ದೆ. ಕಡ್ಡಿಯಂಥ ಆ ಹುಡುಗಿ ಕಾರು ಹತ್ತಿ, ನಮ್ಮ ಇಕ್ಕಟ್ಟಿನ ಅಂಗಳದಲ್ಲೇ ಒಂದು ಕೈಯಿಂದ ಪೂರ್ತಿ ತಿರುಗಿಸಿ ನಿಲ್ಲಿಸಿದಳು. ಇಳಿದು, "ಭಾಳ ಹಗುರ ಐತ್ರಿ ಪಪ್ಪಾ" ಅಂದಳು.

ಮಿಸ್ತ್ರಿಗೆ ಚಹಾ ಕೊಡುತ್ತಾ ಕೇಳಿದೆ: "ಇದು ಹಗುರ ಹೆಂಗ ಆತು?"

"ಸ್ಟೇರಿಂಗ್ ಆಯಿಲ್ ಬದಲಿ ಮಾಡೇನ್ರಿ ವೈನಿ. ಪೂರಾ ಕರ್ರಗಾಗಿತ್ತು. ನಾ ಆವಾಗನ ಹೇಳಿದ್ನಿ, ಮಾರೂ ಮುಂದ ಮಾಡಸೂಣು ಅಂದ್ರು ದೊಡ್ಡ ಸಾವಕಾರ್ರು."

"ಆವಾಗ ಅಂದ್ರ ಯಾವಾಗ?"

"ಗಟಾರಕ್ಕ ಇಳಿಸಿದ್ರಲ್ರಿ ನೀವು, ಮಡಗಾರ್ಡಿಗಿ ತಂದಾಗ. ಸಣ್ಣ ಸಾವಕಾರ್ರೂ ಇದ್ರು. ಅವರ ಕೈಲೇನ ಚಕ್ರ ತಿರುವಿಸಿ ತೋರ್ಸೇನಿ. ಗಂಡಸ್ರ ಕೈಗೂ ಸರಳ ತಿರಗೂದಿಲ್ರಿ ಇದು, ಅಂತ."

ಅವನಿಗೆ ಅದೊಂದು ಮಾತು, ಬಶಿಯಲ್ಲಿ ಚಹಾ ಸುರಿದುಕೊಂಡು ಕುಡಿದ. ಒಳಗಿನಿಂದ ಭಾವ ಇನ್ನಷ್ಟು ಸಕ್ಕರೆ ಕೇಳಿದರು. ನಾನು ಕೊಟ್ಟುಬಂದೆ. ಭಾವನ ಜಿಪುಣತನ ನನಗೆ ಅರ್ಥವಾಗುತ್ತದೆ. ಆ ಮನುಷ್ಯ ತಮ್ಮ ಹಲ್ಲುನೋವನ್ನೂ ಲವಂಗದಲ್ಲೇ ಮುಗಿಸಿದವರು. ಆದರೆ ಇವರು ಅವತ್ತು ಮಧ್ಯಾಹ್ನ ತಮ್ಮ ಕೈಯಿಂದ ಆ ಚಕ್ರ ತಿರುವಿ ನೋಡಿ, ಸಂಜೆ ನನ್ನ ಎದುರು ಕೂತು ಆ ಮಾತು ಹೇಳಿದ್ದರು. ನಾನು ಬಡಿದ ರೊಟ್ಟಿ ತಿನ್ನುತ್ತಾ ಹೇಳಿದ್ದರು. ಅದು ನನ್ನ ಎದೆಯಿಂದ ಇಳಿಯಲಿಲ್ಲ.

ಆಮೇಲೆ ನನ್ನ ಪಗಾರದಲ್ಲಿ ಈ ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಇದರ ಸ್ಟೇರಿಂಗ್ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಮಿಸ್ತ್ರಿ ಪ್ರತಿ ಸಲ, "ಇನ್ನೂ ಕೆಂಪಗೈತ್ರಿ ವೈನಿ, ಸುಮ್ನ ಯಾಕ" ಅನ್ನುತ್ತಾನೆ. ಶುದ್ಧ ಪೆದ್ದುತನ, ನನಗೂ ಗೊತ್ತು.

ಇವತ್ತು ಇವರೂ ಜೊತೆಗೆ ಬಂದಿದ್ದರು. ಭುಜ ಹಿಡಿದುಕೊಂಡ ಮೇಲೆ ಇವರ ಡ್ರೈವಿಂಗ್ ನಿಂತಿದೆ, ಎಲ್ಲಿಗೆ ಹೋಗುವುದಿದ್ದರೂ ನಾನೇ ಒಯ್ಯಬೇಕು. ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತಾ, "ಹೋದ ವರ್ಷನ ಹಾಕಿಸಿದಿ, ಮತ್ತ ಯಾಕ ದಂಡ?" ಅಂದರು. ಇಷ್ಟು ವರ್ಷ ಕೇಳದೇ ಇದ್ದದ್ದು ಬಾಯಿಗೆ ಬಂದೇಬಿಟ್ಟಿತು.

"ಅವತ್ತ ಆಯಿಲ್ ಕೆಟ್ಟಿದ್ದು ನಿಮಗ ಗೊತ್ತಿತ್ತಲ್ರಿ. ಆದ್ರೂ ನನ್ನ ಕೈಲೇ ಆಗೂದಿಲ್ಲ ಅಂದ್ರಿ."

ಯಾವತ್ತು ಎಂದು ಕೇಳಲಿಲ್ಲ. ಅಂದರೆ ಇವರಿಗೂ ನೆನಪಿತ್ತು. ಪೇಪರ್ ಮಡಚಿದರು.

"ಗೊತ್ತಿತ್ತು," ಅಂದರು. "ಅಣ್ಣಗ ಎದರ ಆಡಿದ್ರ ಮನ್ಯಾಗ ಜಗಳ ಆಕ್ಕಿತ್ತು. ನೀ ಸುಮ್ನಾದಿ, ಮನಿ ಶಾಂತ ಉಳೀತು."

ಮಿಸ್ತ್ರಿ ಬಾನೆಟ್ ಮುಚ್ಚಿದ. ರೊಕ್ಕ ಕೊಟ್ಟು ಹೊರಟೆವು. ಚಿಕ್ಕೋಡಿ ದಾಟುವವರೆಗೂ ನಾನು ಒಂದು ಮಾತೂ ಆಡಲಿಲ್ಲ. ಇವರಿಗೆ ಬೇಕಾದ ಶಾಂತಿ ಅದೇ ಇರಬೇಕು. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು.