ಸೂರ್ಯ ಬಾರದ ಊರಿನಲ್ಲಿ ರತ್ನಾಬಾಯಿ

ಲಂಡನ್ನಿನ ಕೆಂಟನ್ ಬಡಾವಣೆಯ ರತ್ನಾಬಾಯಿಯವರದು ಒಂದು ನೇಮ. ಬೆಳಿಗ್ಗೆ ಸೂರ್ಯನಿಗೆ ಕೈ ಮುಗಿಯುವ ತನಕ ನೀರೊಂದನ್ನು ಬಿಟ್ಟು ಬಾಯಿಗೆ ಬೇರೇನೂ ಹಾಕುವವರಲ್ಲ. ಹುಟ್ಟಿದೂರಾದ ವಿಜಯಪುರದ ಬಿಸಿಲಿನಲ್ಲಿ ಇಂಥ ನೇಮ ಹಿಡಿದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರು ಹಿಡಿದದ್ದು ಲಂಡನ್ನಿಗೆ ಬಂದ ಮೇಲೆ. ಸುಲಭವಾದದ್ದು ಆ ಹೆಂಗಸಿಗೆ ಸೇರುವುದೇ ಇಲ್ಲ.

ಚಳಿಗಾಲದಲ್ಲಿ ಇಲ್ಲಿ ಸೂರ್ಯ ಏಳುವುದೇ ತಡ. ಎದ್ದರೂ ಮೋಡ ಸರಿಸಿ ಮುಖ ತೋರಿಸುವುದು ಅವನ ಮರ್ಜಿ. ಅದಕ್ಕೆ ರತ್ನಾಬಾಯಿ ಅವನೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದರು. ಹೊರಗೆ ಬೆಳಕು ಹರಿಯಿತೆಂದರೆ ಅವನು ಬಂದ ಲೆಕ್ಕ. ಕಾಣದಿದ್ದರೇನು, ಮೋಡದ ಹಿಂದೆ ಇದ್ದಾನಲ್ಲ. ಅಡುಗೆಮನೆಯ ಕಿಟಕಿಯತ್ತ ತಿರುಗಿ ಕೈ ಮುಗಿದು ಚಹಾಕ್ಕೆ ಇಡುತ್ತಿದ್ದರು. ಅಷ್ಟರಲ್ಲಿ ಗಂಡ ಶರಣಪ್ಪನವರದು ಎರಡು ಸಲ ಚಹಾ ಆಗಿ, ನಿನ್ನೆಯ ರೊಟ್ಟಿಯೂ ಶೇಂಗಾ ಚಟ್ನಿಯೂ ಮುಗಿದಿರುತ್ತಿದ್ದವು.

"ನಿನ್ನ ದೇವರು ಇವತ್ತ ರಜಾ ಹಾಕ್ಯಾನ ನೋಡು" ಎಂದು ಅವರು ಪೇಪರಿನ ಹಿಂದಿನಿಂದ ಕಾಡಿಸುವುದು, ಇವರು ಕೇಳಿಸದವರಂತೆ ಪಾತ್ರೆ ಸದ್ದು ಮಾಡುವುದು, ನಲವತ್ತೈದು ವರ್ಷ ಹೀಗೇ ನಡೆದಿತ್ತು.

ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ನೇಮ ತಪ್ಪಲಿಲ್ಲ. ಚಳಿಗಾಲದಲ್ಲಿ ಕತ್ತಲಿರುವಾಗಲೇ ಕೆಲಸ ಶುರುವಾಗುತ್ತಿತ್ತು. ಜೊತೆಯ ಹೆಂಗಸರು ಟೋಸ್ಟು ತಿನ್ನುತ್ತ ಕೂತರೆ ಇವರು ಬಟಾಟೆ ಹೆರೆಯುತ್ತಿದ್ದರು. ಹಿಂಬಾಗಿಲ ಗಾಜಿನಲ್ಲಿ ಬೆಳಕು ಕಂಡ ಕೂಡಲೇ ಮಾರ್ಗರೆಟ್ ಎಂಬಾಕೆ ಕೂಗುತ್ತಿದ್ದಳು: "ರತ್ನಾ, ಯುವರ್ ಬಾಯ್ ಈಸ್ ಔಟ್." ಇವರು ಕೈ ಒರೆಸಿಕೊಂಡು ಹೊರಗೆ ಓಡುತ್ತಿದ್ದರು. ಯಾಕೆ ಏನು ಎಂದು ಮಾರ್ಗರೆಟ್ ಒಂದು ದಿನವೂ ಕೇಳಲಿಲ್ಲ. ಆ ಒಂದು ಗುಣಕ್ಕೇ ರತ್ನಾಬಾಯಿ ಅವಳನ್ನು ಇವತ್ತಿಗೂ ನೆನೆಯುತ್ತಾರೆ.

ಯಾಕೆ ಎಂಬುದು ಗಂಡ ಹೆಂಡತಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಈ ದೇಶಕ್ಕೆ ಬಂದ ಮರುವರ್ಷ ಮಗ ನಿತೀಶ ಏಳು ತಿಂಗಳಿಗೇ ಹುಟ್ಟಿಬಿಟ್ಟ. ಆಸ್ಪತ್ರೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಶರಣಪ್ಪನವರದು ಬಸ್ ಗ್ಯಾರೇಜಿನಲ್ಲಿ ಹೊಸ ಕೆಲಸ, ರಜೆ ಸಿಗಲಿಲ್ಲ. ಭಾಷೆ ಬಾರದ ಹುಡುಗಿ ಒಬ್ಬಳೇ ಆ ಪೆಟ್ಟಿಗೆಯ ಪಕ್ಕ ಕೂತಿದ್ದಳು. ಹೊರಗೆ ನವೆಂಬರಿನ ಮಂಜು, ವಾರವಾದರೂ ಬಿಸಿಲಿಲ್ಲ. ಒಂದು ಬೆಳಿಗ್ಗೆ ಬಿಸಿಲು ಕಿಟಕಿ ದಾಟಿ ಗಾಜಿನ ಮೇಲೆ ಬಿತ್ತು. ಅದೇ ಹೊತ್ತಿಗೆ ನರ್ಸು ಬಂದು ಕೂಸನ್ನು ಎತ್ತಿ ಮೊದಲ ಸಲ ಅವಳ ಎದೆಯ ಮೇಲೆ ಮಲಗಿಸಿದಳು. ಇವನನ್ನು ನೀನು ಕಾಯಿ, ನಿನ್ನ ಮುಖ ನೋಡದೆ ನಾನು ಉಣ್ಣುವುದಿಲ್ಲ ಎಂದು ಹುಡುಗಿ ಸೂರ್ಯನಿಗೆ ಮಾತು ಕೊಟ್ಟಳು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಅದರ ಬಲ ಹೋಗುತ್ತದೆಂಬ ಭಯದಲ್ಲಿ ಮಗನಿಗೆ ಅದನ್ನು ಹೇಳಲೇ ಇಲ್ಲ. ಅವನೂ ಅವ್ವ ಉಳಿದ ಅವ್ವಂದಿರ ಹಾಗೆ ಏನೋ ಪೂಜೆ ಮಾಡುತ್ತಾಳೆ ಎಂದುಕೊಂಡು ಬೆಳೆದ.

ಅವ್ವನಿಗೆ ಎಪ್ಪತ್ತು ತುಂಬಿತೆಂದು ಅದೇ ನಿತೀಶ ಡಿಸೆಂಬರಿನಲ್ಲಿ ಒಂದು ಪ್ರವಾಸ ಹೊಂದಿಸಿದ. ನಾರ್ವೆಯ ಉತ್ತರದ ತುದಿಯ ಟ್ರೋಮ್ಸೊ ಎಂಬ ಹಳೆಯ ಊರು. ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತದಂತೆ, ಹಿಮಸಾರಂಗ ಗಾಡಿ ಎಳೆಯುತ್ತದಂತೆ. ಅವನ ಹೆಂಡತಿ, ಬೆಂಗಳೂರಿನ ಸ್ಮೃತಿ, ಅತ್ತೆಗೆ ಉಣ್ಣೆಯ ಒಳಉಡುಪು, ಬೂಟು ಎಲ್ಲ ತಂದಳು. ಸೀರೆಯ ಒಳಗೆ ಪ್ಯಾಂಟು ಹಾಕಿಕೊಂಡು ರತ್ನಾಬಾಯಿ ವೆಂಬ್ಲಿಯ ಮಗನ ಫ್ಲ್ಯಾಟಿನಲ್ಲಿ ಅತ್ತಿಂದಿತ್ತ ನಡೆದು ತೋರಿಸಿದರು. ಮೊಮ್ಮಗಳು ಸಾನ್ವಿ ನಗುತ್ತ ಫೋಟೋ ತೆಗೆದಳು. ಅಲ್ಲಿ ಕತ್ತಲು ಜಾಸ್ತಿ ಎಂದು ನಿತೀಶ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ಲಂಡನ್ನಿನ ಕತ್ತಲು ನೋಡಿದವರಿಗೆ ಅದೇನು ಮಹಾ ಎಂದುಕೊಂಡರು.

ಶರಣಪ್ಪನವರು ಮಾತ್ರ ಬರಲೊಲ್ಲೆ ಎಂದರು. "ರೊಕ್ಕ ಕೊಟ್ಟು ಥಂಡಿ ತಿನ್ನಾಕ ಹೋಗ್ತಾರೇನು? ಮೊಣಕಾಲು ಬ್ಯಾರೆ ಕೇಳೂದಿಲ್ಲ. ನೀವು ಹೋಗಿ ಬರ್ರಿ."

ಟ್ರೋಮ್ಸೊ ತಲುಪಿದ್ದು ಸಂಜೆ. ಮರುದಿನ ಬೆಳಿಗ್ಗೆ ಹೋಟೆಲಿನ ತಿಂಡಿಯ ಮೇಜಿನಲ್ಲಿ ರತ್ನಾಬಾಯಿ ಬರೀ ನೀರು ಕುಡಿಯುತ್ತ, ಕಿಟಕಿಯಾಚೆಯ ಕಪ್ಪನ್ನು ನೋಡುತ್ತ ಕೂತರು. ಒಂಬತ್ತಾಯಿತು, ಹತ್ತಾಯಿತು. ಯಾಕೆ ತಿನ್ನುತ್ತಿಲ್ಲ ಎಂದರೆ, ಹೊಟ್ಟೆ ಸರಿಯಿಲ್ಲ ಎಂದರು. ಕೊನೆಗೆ ಮೆಲ್ಲಗೆ ಮೊಮ್ಮಗಳನ್ನು ಕೇಳಿದರು. "ಸಾನ್ವಿ, ಇಲ್ಲಿ ಸೂರ್ಯ ಎಷ್ಟೊತ್ತಿಗೆ ಬರ್ತಾನ ಪುಟ್ಟಿ?"

"ನಾಟ್ ಟಿಲ್ ಜಾನ್ಯುವರಿ, ಆಯಿ" ಎಂದಳು ಹುಡುಗಿ, ಜಾಮ್ ಹಚ್ಚಿಕೊಳ್ಳುತ್ತ.

ರತ್ನಾಬಾಯಿ ನೀರಿನ ಲೋಟ ಕೆಳಗಿಟ್ಟರು. ಮೋಡದ ಹಿಂದೆ ಇದ್ದರೆ ಅದು ಬೇರೆ ಮಾತು. ಇಲ್ಲಿ ಅವನು ಇಲ್ಲವೇ ಇಲ್ಲ. ಒಪ್ಪಂದದಲ್ಲಿ ಇದಕ್ಕೆ ದಾರಿಯಿರಲಿಲ್ಲ. ಎದುರಿಗೆ ಮಗ ಅವ್ವನನ್ನು ಇಲ್ಲಿ ಕರೆತಂದ ಖುಷಿಯಲ್ಲಿ ಮುಖ ಅರಳಿಸಿಕೊಂಡು ಕೂತಿದ್ದ. ಈ ಮುಖದೆದುರು ಏನೆಂದು ಹೇಳುವುದು? ನೇಮ ಬಿಟ್ಟರೆ ಇವನಿಗೇ ಏನಾದರೂ ಆದೀತೆಂಬ ಭಯ. ಹೇಳಿದರೆ ಇವನ ಖುಷಿ ಮಣ್ಣುಪಾಲು. ಇನ್ನೂ ಎರಡು ದಿನ ಉಳಿಯಬೇಕಿತ್ತು.

ಹೊಟ್ಟೆ ತಾಳ ಹಾಕುತ್ತಿದ್ದರೂ ಊರು ಸುತ್ತಿದರು. ಊರು ಚೆಂದವಿತ್ತು, ಸುಳ್ಳೇಕೆ ಹೇಳಬೇಕು. ಹಳದಿ, ಕೆಂಪು ಬಣ್ಣ ಬಳಿದ ಹಳೆಯ ಮರದ ಮನೆಗಳು, ಮರದಲ್ಲೇ ಕಟ್ಟಿದ ದೊಡ್ಡ ಚರ್ಚು, ಹಿಂದೆ ಧ್ರುವದ ಹಿಮ ಹುಡುಕಿಕೊಂಡು ಹಡಗುಗಳು ಹೊರಟ ಬಂದರು. ಪ್ರತಿ ಕಿಟಕಿಯಲ್ಲೂ ಒಂದೊಂದು ದೀಪ. ದೀಪ ಇಟ್ಟಿದ್ದು ಅವರಿಗೆ ಬಹಳ ಹಿಡಿಸಿತು. ಮಧ್ಯಾಹ್ನ ಬೆಟ್ಟದ ಹಿಂದೆ ಆಕಾಶ ಗುಲಾಬಿಯಾದಾಗ ಬಂದೇಬಿಟ್ಟ ಎಂದು ಕಾಲು ಸೋಲುವವರೆಗೆ ನಿಂತು ಕಾದರು. ಗುಲಾಬಿ ನೀಲಿಯಾಯಿತು, ನೀಲಿ ಕಪ್ಪಾಯಿತು.

ಆಮೇಲೆ ಊರಾಚೆ, ಮನೆಮಠವಿಲ್ಲದ ಹಿಮದ ಬಯಲಿಗೆ ಹೋದರು. ಸಾರಂಗದ ಮೂಗಿನಿಂದ ಹಬೆ ಬರುವುದನ್ನು ನೋಡಿ ರತ್ನಾಬಾಯಿ ಅದರ ಕತ್ತು ನೇವರಿಸಿದರು. ಅಷ್ಟರಲ್ಲಿ ಆಕಾಶದಲ್ಲಿ ಹಸಿರು ಬೆಳಕು ಬಂತು. ಗಾಳಿಗೆ ಒಣಹಾಕಿದ ಸೀರೆಯಂತೆ ಅಲೆಯಿತು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಇದು ಬರುವುದು ಸೂರ್ಯನಿಂದಲೇ ಎಂದು ಸಾನ್ವಿ ವಿವರಿಸಿದಳು. ರತ್ನಾಬಾಯಿ ಕೈ ಮುಗಿಯಲು ಅರ್ಧ ಎತ್ತಿ, ಯೋಚಿಸಿ, ಕೆಳಗಿಳಿಸಿದರು. ಯಾರದೋ ಕೈಲಿ ಬುತ್ತಿ ಕಳಿಸಿದ ಮಾತ್ರಕ್ಕೆ ಅವನೇ ಬಂದಂತಾಯಿತೇ? ತಮಗೆ ಅನುಕೂಲವಾಗಲೆಂದು ದೇವರ ಕಣ್ಣಿಗೆ ಮಣ್ಣೆರಚುವ ಜಾತಿಯಲ್ಲ ಅವರು.

ಹೋಟೆಲಿಗೆ ಬಂದವರೇ ಗಂಡನಿಗೆ ಫೋನ್ ಹಚ್ಚಿದರು.

"ಮುಂಜಾನಿಂದ ಏನೂ ತಿಂದಿಲ್ಲೇನು? ಎಪ್ಪತ್ತು ವರ್ಷದಾಕಿ. ತಲಿ ನೆಟ್ಟಗ ಐತಿಲ್ಲೋ?" ಎಂದರು ಶರಣಪ್ಪನವರು. "ಅಂವಗ ತಲಿ ಮ್ಯಾಗಿನ ಕೂದಲ ಬೆಳ್ಳಗಾಗ್ಯಾವ. ಇನ್ನ ಏನಾಗ್ತೈತಿ? ಸುಮ್ನ ಉಂಡು ಮಲ್ಕೊ."

"ನಿಮಗ ತಿಳಿಯೂದಿಲ್ಲ ಬಿಡ್ರಿ. ಅವತ್ತ ಆ ಪೆಟಿಗಿ ಹಂತೇಕ ನೀವು ಇರಲಿಲ್ಲ" ಎಂದು ರತ್ನಾಬಾಯಿ ಫೋನ್ ಇಟ್ಟುಬಿಟ್ಟರು. ಇಟ್ಟ ಮೇಲೆ, ಆ ಮಾತು ಆಡಬಾರದಿತ್ತು ಅನಿಸಿತು. ನಲವತ್ತೈದು ವರ್ಷ ನುಂಗಿಕೊಂಡಿದ್ದ ಮಾತು ಹಸಿವಿನಲ್ಲಿ ಜಾರಿತ್ತು.

ಮರುದಿನ ಬೆಳಿಗ್ಗೆ ಅವರೆಲ್ಲ ತಿಂಡಿಗೆ ಇಳಿಯುವ ಹೊತ್ತಿಗೆ ಫೋನ್ ಹೊಡೆದುಕೊಂಡಿತು, ವಿಡಿಯೋ ಕರೆ. ಮಕ್ಕಳನ್ನು ಮುಂದೆ ಕಳಿಸಿ ರತ್ನಾಬಾಯಿ ಕೋಣೆಯಲ್ಲೇ ಉಳಿದರು. ಫೋನಿನಲ್ಲಿ ಬೂದು ಆಕಾಶ, ದೂರದಲ್ಲಿ ಮನೆಗಳ ಮಾಡು, ಒಂದು ಮೂಲೆಯಲ್ಲಿ ಗಂಡನ ಹೆಬ್ಬೆರಳು.

"ಎಲ್ಲಿ ಅದೀರಿ?"

"ಹ್ಯಾರೋ ಗುಡ್ಡದ ಮ್ಯಾಗ." ಉಸಿರು ಏರಿಳಿಯುತ್ತಿತ್ತು. "ಮನ್ಯಾಗಿಂದ ಏನೂ ಕಾಣಲಿಲ್ಲ. ಇಲ್ಲಿ ಎತ್ತರ ಐತಿ, ಮೋಡ ಹರದ್ರ ನಿನಗ ತೋರಿಸೂಣು ಅಂತ ಬಂದೆ."

"ಆ ಮೊಣಕಾಲಿಲೆ ಹ್ಯಾಂಗ ಹತ್ತಿದ್ರಿ? ಟೋಪಿ ಎಲ್ಲೈತಿ?"

"ಟೋಪಿ ಮರತೆ. ಅದನ್ನ ಬಿಡು. ಬೆಳಕ ಹರದೈತಿ, ನೋಡು. ನಿನ್ನ ಲೆಕ್ಕದಾಗ ಬಂದಂಗ ಅಲ್ಲೇನು?"

"ನಿಮ್ಮಲ್ಲಿ ಬಂದ್ರ ನನ್ನಲ್ಲಿ ಬಂದಂಗ ಹ್ಯಾಂಗ ಆಗ್ತೈತ್ರಿ?" ಎಂದರು ರತ್ನಾಬಾಯಿ. "ನಾ ಇರೂ ಕಡೆ ಅಂವ ಬರಬೇಕಲ್ಲ."

ಆಮೇಲೆ ಹೆಬ್ಬೆರಳು ಸರಿದು ಶರಣಪ್ಪನವರ ಮುಖ ಬಂತು. ಮೂಗು ಕೆಂಪಾಗಿತ್ತು, ಕಣ್ಣೂ.

"ನಾ ಕೈ ಮುಗದೀನಿ" ಎಂದರು. "ನಿನ್ನಿ ನೀ ಫೋನ್ ಇಟ್ಟಿಂದ ನಾನೂ ಏನೂ ತಿಂದಿಲ್ಲ. ಚಹಾ ಸೈತ ಕುಡದಿಲ್ಲ. ನೀ ಅಂದದ್ದು ಖರೆ, ಅವತ್ತ ನಾ ಇರಲಿಲ್ಲ. ಆದ್ರ ಅಂವ ನನಗೂ ಮಗ ಅಲ್ಲೇನು, ರತ್ನಾ? ಇಷ್ಟು ವರ್ಷ ನೀ ಒಬ್ಬಾಕಿನ ನಡಿಸಿದಿ. ಇವತ್ತಿನ ಪಾಳಿ ನಂದು. ನೀ ಮನಿಗೆ ಬರೂ ತನಕಾ ನಂದ. ನೀ ಉಣ್ಣು."

ರತ್ನಾಬಾಯಿ ಮಂಚದ ಮೇಲೆ ಕೂತುಬಿಟ್ಟರು. ಅತ್ತರು. ಅಳು ದುಃಖದ್ದಾಗಿರಲಿಲ್ಲ. ಒಬ್ಬಳೇ ಹಿಡಿದುಕೊಂಡು ಬಂದದ್ದಕ್ಕೆ ಇನ್ನೆರಡು ಕೈ ಸೇರಿದ್ದವು, ಅಷ್ಟೇ. ಕಾಡಿಸುವುದು ಬಿಟ್ಟು ಆ ಮನುಷ್ಯ ಬೇರೆ ಮಾತಾಡಿದ್ದೇ ಅಪರೂಪ. ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಂತು.

"ಮೊದಲ ಕೆಳಗಿಳದು ಎಲ್ಲ್ಯರೆ ಚಹಾ ಕುಡೀರಿ" ಎಂದರು, ಮೂಗು ಒರೆಸಿಕೊಳ್ಳುತ್ತ.

"ನೀ ತಿಂದಿಂದ" ಎಂದರು ಅವರು.

ತಿಂಡಿಯ ಮೇಜಿಗೆ ಬಂದು ರತ್ನಾಬಾಯಿ ಬ್ರೆಡ್ಡು, ಹಣ್ಣು, ಬಿಸಿ ಗಂಜಿ, ಕಣ್ಣಿಗೆ ಕಂಡದ್ದನ್ನೆಲ್ಲ ಬಡಿಸಿಕೊಂಡರು.

"ಹೊಟ್ಟಿ ಸರಿ ಆತೇನವ್ವಾ?" ನಿತೀಶನ ಮುಖದಲ್ಲಿ ಜೀವ ಬಂತು.

"ಆತು. ನೀ ಮೊದಲ ನಿಮ್ಮಪ್ಪಗ ಫೋನ್ ಮಾಡು. ಅವ್ವ ತಿನ್ನಾಕತ್ತಾಳ ಅಂತ ಹೇಳು. ಥಂಡ್ಯಾಗ ಗುಡ್ಡದ ಮ್ಯಾಗ ನಿಂತಾರ."

"ಗುಡ್ಡದ ಮ್ಯಾಗ? ಯಾಕ?"

ರತ್ನಾಬಾಯಿ ಮೊದಲ ತುತ್ತು ಬಾಯಿಗಿಟ್ಟರು. ಅಗಿದು, ನುಂಗಿ, ಮಗನ ಮುಖವನ್ನೇ ನೋಡಿದರು. ಇಬ್ಬರು ಹಿಡಿದ ಹರಕೆಯ ಬಲ ಇನ್ನು ಹೇಳಿದರೆ ಹೋಗಲಾರದು ಅನಿಸಿತು.

"ನಿನ್ನ ಸಲುವಾಗಿ" ಎಂದರು. "ಕುಂಡ್ರು, ಹೇಳ್ತೀನಿ."